ಅಣ್ಣ ಕೊಟ್ಟ ಮಾತ್ರೆ

ಜಗ್ಗಣ್ಣ ಎಲ್ಲಿಗೆ ಹೋದರೂ ಮೊದಲು ಹೇಳುತ್ತಿದ್ದದ್ದು, ತಾನು ನನ್ನ ಮಗಳ ಸೋದರಮಾವ ಎಂದು. ಬಿಲ್ಡಿಂಗಿನ ವಾಚ್‌ಮನ್‌ಗೂ ಹೇಳಿದ್ದ, ಶಾಲೆಯ ಟೀಚರಿಗೂ ಹೇಳಿದ್ದ. ನಮ್ಮದು ಅಳಿಯಕಟ್ಟಿನ ಕುಟುಂಬ. ಮಗುವಿನ ವಿಷಯದಲ್ಲಿ ಅಪ್ಪನಿಗಿಂತ ತಾಯಿಯ ಅಣ್ಣನ ಮಾತೇ ಮೇಲು ಎಂಬುದು ಅವನ ನ್ಯಾಯ. ಊರಿನಲ್ಲಿ ಆ ಕಟ್ಟು ಸಡಿಲಾಗಿ ಎಷ್ಟೋ ಕಾಲವಾಯಿತು. ಜೋಗೇಶ್ವರಿಯ ನನ್ನ ಪುಟ್ಟ ಮನೆಯಲ್ಲಿ ಮಾತ್ರ ಅದಿನ್ನೂ ಸೋಫಾದ ಮೇಲೆ ಕಾಲು ಕುಣಿಸುತ್ತ ಕೂತಿತ್ತು.

ನಮ್ಮಲ್ಲೇ ಉಳಿದುಕೊಂಡಿದ್ದ ಅವನು ಬೈಕುಲ್ಲಾದ ಹೋಟೆಲೊಂದರಲ್ಲಿ ಕ್ಯಾಶಿಯರ್. ಗಿರಾಕಿಗಳಿಗೆ ಅವನೆಂದರೆ ಪ್ರಾಣ. ಊರಿಗೆ ಉಪಕಾರಿ, ಮನೆಗೆ ಮಾರಿ. ಅವನು ಅರ್ಧ ಕುಡಿದು ಮರೆತ ಚಹಾದ ಲೋಟಗಳನ್ನು ಟಿವಿಯ ಹಿಂದಿನಿಂದ, ಕಿಟಕಿಯ ಮೇಲಿಂದ ಹುಡುಕಿ ತೆಗೆಯುವುದು ನನ್ನ ಕೆಲಸ.

ಮಗಳು ಕೃತಿಗೆ ಎಂಟು ವರ್ಷ. ಡಾಕ್ಟರು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಹೇಳಿ ಮಾತ್ರೆ ಬರೆದಾಗ ನಾನೂ ಗಂಡನೂ ವಾರಗಟ್ಟಲೆ ಜಗಳಾಡಿದೆವು. ಒಂದು ತಿಂಗಳು ಕೊಟ್ಟು ನೋಡುವುದು, ಗುಣ ಕಾಣದಿದ್ದರೆ ನಿಲ್ಲಿಸುವುದು ಎಂದು ಕೊನೆಗೆ ಒಪ್ಪಂದವಾಯಿತು. ಅಣ್ಣ ಕೆರಳಿದ.

"ಹುಡುಗಿ ಚುರುಕು ಉಂಟು ಮಾರಾಯ್ತಿ, ಅದಕ್ಕೆಂತ ಮದ್ದು? ನಮ್ಮ ಮನೆ ಹೆಣ್ಣಿಗೆ ನೀನೇ ಹುಚ್ಚಿ ಅಂತ ಹೆಸರಿಡ್ತೀಯಾ?"

ನಾವಿಬ್ಬರೂ ಬೆಳಿಗ್ಗೆ ಬೇಗ ಲೋಕಲ್ ರೈಲು ಹಿಡಿಯುವವರು. ಮಾತ್ರೆ ಕೊಟ್ಟು ಶಾಲೆಗೆ ಬಿಡುವ ಕೆಲಸ ಅವನ ಪಾಲಿಗೆ ಬಂತು.

ತಿಂಗಳು ಕಳೆದರೂ ಟೀಚರ ದೂರು ನಿಲ್ಲಲಿಲ್ಲ. ಡಾಕ್ಟರು ಪ್ರಮಾಣ ಹೆಚ್ಚಿಸಿದರು. ಗಂಡ ಸಾಕು, ನಿಲ್ಲಿಸೋಣ ಅಂದರು; ನಾನು ಒಪ್ಪಲಿಲ್ಲ. ಆ ಸಂಜೆ ಕೃತಿ ಚೀಲ ಎಸೆದು ಅತ್ತಳು. "ಮಮ್ಮಿ, ಗೋಲಿಯಿಂದಾನೂ ನಾನು ಠೀಕ್ ಆಗಲ್ಲ. ನಾನೇ ಖರಾಬ್."

ಅವಳ ಅಳು ಅಣ್ಣನಿಗೆ ತಡೆಯಲಾಗಲಿಲ್ಲ. ತಲೆ ಸವರಿ, ಅಳಬೇಡ, ನೀನು ಆ ಮದ್ದು ತಿಂದೇ ಇಲ್ಲ, ನಾನು ಕೊಟ್ಟದ್ದು ಬರೀ ಕ್ಯಾಲ್ಸಿಯಂ ಎಂದ. ಮಹಾರಾಯ ಸಮಾಧಾನ ಮಾಡುತ್ತಿದ್ದ. ಆ ಮದ್ದನ್ನೇ ಕಾಣದ ಮಗುವಿಗೆ ಮರುದಿನದಿಂದ ನಾನೇ ಹೆಚ್ಚಿನ ಪ್ರಮಾಣದ ಮಾತ್ರೆ ಕೊಡುವವಳಿದ್ದೆ. ಅವನ ಬ್ಯಾಗನ್ನು ಬಾಗಿಲ ಹೊರಗಿಟ್ಟೆ.

"ನಾನೂ ಸಣ್ಣದಿರುವಾಗ ಹೀಗೇ ಇದ್ದದ್ದು," ಅಂದ. "ನನಗೀಗ ಎಂತ ಆಗಿದೆ?"

ಯಾವ ಹೋಟೆಲಿನಲ್ಲೂ ವರ್ಷ ನಿಲ್ಲದ್ದು, ಅತ್ತಿಗೆ ಬಿಟ್ಟುಹೋದದ್ದು, ತಂಗಿಯ ಮನೆಯ ಸೋಫಾದ ಮೇಲೆ ಮಲಗುವುದು, ಒಂದನ್ನೂ ಬಿಡದೆ ಹೇಳಿದೆ. ಚಪ್ಪಲಿ ಮೆಟ್ಟಿ ಹೋದ. ಮತ್ತೆ ಅವನ ಮುಖ ನೋಡಿಲ್ಲ. ನೋಡುವ ಆಸೆಯೂ ಇಲ್ಲ.

ಡಾಕ್ಟರಿಗೆ ಎಲ್ಲ ತಿಳಿಸಿ, ಹಳೆಯ ಪ್ರಮಾಣದಿಂದಲೇ ಶುರುಮಾಡಿದೆವು. ಈಗ ನಾನೇ ಕೊಡುತ್ತೇನೆ. ಕೃತಿ ದಿನವೂ ಮಾತ್ರೆಯನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿ, ಆಮೇಲೆ ನನ್ನ ಮುಖ ನೋಡುತ್ತಾಳೆ.

"ಮಮ್ಮಿ, ಇದು ಅಸಲೀನೇ ಅಲ್ವಾ?"