ಹೊರಗೆ ಅಗುಳಿ ಇಲ್ಲದ ಬಾಗಿಲು

೧೯೯೪ರ ಚಳಿಗಾಲದ ಒಂದು ಶುಕ್ರವಾರ. ಆಗ ನಾನು ಕತಾರಿನ ಅಲ್ ಖೋರ್‌ನಲ್ಲಿ ಸ್ಟೋರ್‌ಕೀಪರ್. ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡದಿದ್ದರೆ ಊಟ ಸೇರದ ಜಾಯಮಾನ ನನ್ನದು. ರೂಮ್‌ಮೇಟ್ ಉಳ್ಳಾಲದ ಹಮೀದ್ ಜೊತೆ ಏಡಿ ಹಿಡಿಯಲು ಉತ್ತರದ ಕಡಲಂಚಿಗೆ ಹೋಗಿದ್ದಾಗ ನನ್ನ ಹಳೇ ಕಾರು ಉಪ್ಪುನೆಲದಲ್ಲಿ ಹೂತುಕೊಂಡಿತು. ಸುತ್ತ ನರಪಿಳ್ಳೆ ಇಲ್ಲ. ಆದರೂ ಬೀಗ ಹಾಕಿ, ಸ್ವಲ್ಪ ದೂರ ಹೋದವನು ಮತ್ತೆ ಬಂದು ಜಗ್ಗಿ ನೋಡಿದೆ.

"ಶೆಟ್ರೇ, ಅದನ್ನು ಕದಿಯುವವ ಸಿಕ್ಕಿದ್ರೆ ನಮ್ಮ ಕಷ್ಟವೇ ಮುಗೀತಲ್ಲ!" ಎಂದ ಹಮೀದ್.

ದೂರದಲ್ಲಿ ಕಂಡ ಪಾಳುಮನೆಗಳತ್ತ ನಡೆದೆವು. ಮಾಡು ಕುಸಿದ ಕಲ್ಲುಗೋಡೆಗಳು, ಒಂದು ಬತ್ತಿದ ಬಾವಿ. ಬಾಗಿಲು ಉಳಿದದ್ದು ಒಂದೇ ಮನೆಗೆ. ಅದನ್ನು ಅರಬ್ಬಿ ಮುದುಕರೊಬ್ಬರು ಮರಳಿನಿಂದ ಬಿಡಿಸುತ್ತಿದ್ದರು. ಪಕ್ಕದಲ್ಲಿ ಪಿಕಪ್ ನಿಂತಿತ್ತು.

"ಪಿಕ್‌ನಿಕ್‌ಗೆ ಬಂದವರು ಉಳಿದ ಬಾಗಿಲುಗಳನ್ನೆಲ್ಲ ಸೌದೆ ಮಾಡಿ ಸುಟ್ಟರು. ಇದು ನನ್ನಪ್ಪ ಕೂರಿಸಿದ್ದು. ಇವತ್ತು ಒಯ್ಯದಿದ್ದರೆ ಇದೂ ಬೂದಿ. ಒಂದು ಕೈ ಹಾಕ್ತೀರಾ?" ಎಂದರು, ಹರುಕು ಹಿಂದಿಯಲ್ಲಿ.

ಇವರ ಮಾತು ಸುಳ್ಳಾಗಿ, ಕದ್ದ ಬಾಗಿಲು ಹೊತ್ತು ಸಿಕ್ಕಿಬಿದ್ದರೆ ವೀಸಾ ಖಲಾಸ್ ಎಂದು ನಾನು ಹಿಂದೆಯೇ ನಿಂತೆ. ಕಣ್ಣು ಮಾತ್ರ ಅಭ್ಯಾಸಬಲದಿಂದ ಚಿಲಕ ಹುಡುಕುತ್ತಿತ್ತು. ಒಳಗೆ ಮರದ ಅಗುಳಿ ಇತ್ತು, ಹೊರಗೆ ಏನೂ ಇಲ್ಲ.

"ಚಾಚಾ, ಹೊರಗಿನಿಂದ ಬೀಗ ಹಾಕೋದು ಹೇಗೆ?" ಕೇಳಿಯೇಬಿಟ್ಟೆ.

ಅವರು ನಕ್ಕರು. "ನನ್ನಪ್ಪ ಕಡಲಿಂದ ಮುತ್ತು ತೆಗೆಯುವ ದೋಣಿಯ ಒಡೆಯನ ಗುಲಾಮ. ರಾತ್ರಿ ಗುಲಾಮರನ್ನೆಲ್ಲ ಒಳಗೆ ಕೂಡಿ ಹೊರಗಿನಿಂದ ಅಗುಳಿ ಹಾಕುತ್ತಿದ್ದರಂತೆ. ಬಿಡುಗಡೆಯಾದ ಕೆಲವು ಮನೆಯವರು ಇಲ್ಲಿಗೆ ಬಂದು, ಬಾವಿ ತೋಡಿ, ಊರು ಕಟ್ಟಿದರು. ಯಾವ ಬಾಗಿಲಿಗೂ ಹೊರಗೆ ಅಗುಳಿ ಬೇಡ ಅಂತ ಅವತ್ತೇ ಮಾತಾಯ್ತು."

"ಮನೆಯವರೆಲ್ಲ ಹೊರಗೆ ಹೋದರೆ?"

"ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಆಮೇಲೆ ಎಣ್ಣೆ ಕಂಪನಿ ಕೆಲಸ, ನಲ್ಲಿ ನೀರು, ಮಕ್ಕಳ ಶಾಲೆ ಅಂತ ಒಬ್ಬೊಬ್ಬರೇ ಪೇಟೆ ಸೇರಿದೆವು. ಕೊನೆಗೆ ಹೊರಟವಳು ನಮ್ಮಮ್ಮ. ನೋಡಿಕೊಳ್ಳಿ ಅನ್ನೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಬಂದಳು."

ಹಮೀದ್ "ಯಲ್ಲಾ ಶೆಟ್ರೇ, ಬನ್ನಿ ಎತ್ತುವ" ಎಂದು ಒಂದು ತುದಿ ಹಿಡಿದ. ವೀಸಾ ಮರೆತು ನಾನೂ ಇನ್ನೊಂದು ತುದಿ ಹಿಡಿದೆ. ಬಾಗಿಲು ಪಿಕಪ್ ಏರಿದ ಮೇಲೆ ಚಾಚಾ ಹಗ್ಗ ಕಟ್ಟಿ ನಮ್ಮ ಕಾರನ್ನೂ ಎಳೆದುಕೊಟ್ಟರು.

ಮುಂದೆ ಊರಲ್ಲಿ ಮನೆ ಕಟ್ಟಿಸುವಾಗ, ಕೋಣೆಗಳ ಬಾಗಿಲಿಗೆ ಹೊರಗಡೆ ಚಿಲಕ ಕೂರಿಸಲು ಹೊರಟ ಆಚಾರಿಯನ್ನು ತಡೆದೆ. "ಹೆಬ್ಬಾಗಿಲಿಗೆ?" ಎಂದ. ಅದಕ್ಕೆ ಎರಡು ಬೀಗ ಹಾಕಿಸಿದೆ. ಅಷ್ಟು ಧೈರ್ಯ ನನಗೆಲ್ಲಿಂದ ಬರಬೇಕು? ಈಗಲೂ ಹೊರಡುವಾಗ ಎರಡು ಸಲ ಜಗ್ಗಿ ನೋಡುತ್ತೇನೆ. ಆಮೇಲೆ ಆ ತಾಯಿಯ ನೆನಪಾಗಿ, ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತೇನೆ.