ಗುರಿ ತಪ್ಪಿದ ಗನ್ನು

ಮೊನ್ನೆ ಇಲ್ಲಿ ಜಪಾನಿನಲ್ಲಿ, ನಮ್ಮ ಓಜಿಮಾ ಬಡಾವಣೆಯ ಕೊಂಬಿನಿ ಅಂಗಡಿಯಲ್ಲಿ ಯಾರೋ ಹುಡುಗಿ ಉಗುರುಬಣ್ಣದ ಬಾಟಲಿ ಬೀಳಿಸಿ ಒಡೆದಳು. ಆ ಘಾಟಿಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ, ನಾನೊಬ್ಬಳು ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತು ಮೂಸಿದೆ. ಹುಚ್ಚೆನ್ನಬೇಡಿ. ನನಗದು ಕೊರೋನಾ ಕಾಲದ ಸಂತೋಷದ ವಾಸನೆ.

ಆ ವರ್ಷ ಮೈಸೂರಿನಿಂದ ಬಂದಿದ್ದ ಅತ್ತೆ, ವಿಮಾನಗಳು ನಿಂತು, ನಮ್ಮಲ್ಲೇ ಉಳಿದುಬಿಟ್ಟರು. ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ಗಂಡನ ಮೀಟಿಂಗು, ಇನ್ನೊಂದರಲ್ಲಿ ನನ್ನದು. ಕುಕ್ಕರ್ ಕೂಗಿದರೆ ಇಬ್ಬರೂ ಮ್ಯೂಟ್ ಒತ್ತಲು ಹಾರುತ್ತಿದ್ದೆವು. ಮಾತಿಲ್ಲದೆ ಬದುಕಲಾರದ ಅತ್ತೆ ಕೊನೆಗೆ ಬಾಗಿಲಾಚೆ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದ ಮೋರಿ ಸಾನ್, ಎಂದರೆ ಮೋರಿಯವರು, ನಿವೃತ್ತರು. ಕಿಟಕಿ ತೆರೆದಿಟ್ಟು, ಉಗುರುಬಣ್ಣದಂಥದೇ ಘಾಟಿನ ಅಂಟು ಹಚ್ಚಿ ಪುಟ್ಟ ಪ್ಲಾಸ್ಟಿಕ್ ಹಡಗುಗಳನ್ನು ಜೋಡಿಸುತ್ತಿದ್ದರು. ಒಂದು ದಿನ ಮಾಸ್ಕ್ ಹಾಕಿ ಬಂದು, ಸೊಂಟ ಬಗ್ಗಿಸಿ, "ಅಂಟಿನ ವಾಸನೆ... ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು.

"ಏನಂತೆ ಕಣೆ?" ಅತ್ತೆ ಕೇಳಿದರು. ಹೇಳಿದೆ.

"ಅಯ್ಯೋ, ದಿನಾ ಇಂಗಿನ ಒಗ್ಗರಣೆ ಹಾಕೋ ನಾವು ಏನನ್ಬೇಕು ಹಾಗಾದ್ರೆ!"

ಅದನ್ನು ಅವರಿಗೆ ಜಪಾನಿಯಲ್ಲಿ ಹೇಳಿದ್ದೇ ತಡ, ಮರುದಿನ ಅವರ ಮೇಜೂ ಕಾರಿಡಾರಿಗೆ ಬಂತು, ಕುರ್ಚಿಯಿಂದ ಸಾಕಷ್ಟು ಅಂತರ ಕಾಯ್ದುಕೊಂಡು.

ಮೋರಿ ಸಾನ್ ಕಟ್ಟುತ್ತಿದ್ದುದು ಎರಡನೇ ಮಹಾಯುದ್ಧದ ಕಾಲದ ಡಚ್ಚರ ಹಡಗು. ಹಿಂದೆ ಕಟ್ಟಿದವೂ ಎಲ್ಲ ಡಚ್ಚರವೇ. ಅದರಲ್ಲೂ ವಿಮಾನಗಳತ್ತ ಗುಂಡು ಹಾರಿಸುವ ಸಣ್ಣ ಮಷಿನ್ ಗನ್ನುಗಳೆಂದರೆ ಅವರಿಗೆ ಪ್ರಾಣ. ಜೀರಿಗೆ ಕಾಳಿನಷ್ಟಿದ್ದು ಆಕಾಶಕ್ಕೆ ಮೂತಿ ಎತ್ತಿದ ಅವುಗಳಿಗೆ ದಿನಗಟ್ಟಲೆ ಬಣ್ಣ ಹಚ್ಚುವರು. ಜಪಾನಿನ ಹಡಗು ಯಾಕೆ ಕಟ್ಟುವುದಿಲ್ಲ ಎಂದು ಕೇಳಿದೆ.

"ನಮ್ಮಪ್ಪ ಜಾವಾ ಸಮುದ್ರದ ಮೇಲೆ ವಿಮಾನ ಹಾರಿಸುತ್ತಿದ್ದರು," ಎಂದರು. "ಡಚ್ಚರ ಹಡಗಿನಿಂದ ಇಂಥದೇ ಗನ್ನು ಅವರತ್ತ ಸಿಡಿಯಿತು. ರೆಕ್ಕೆ ತೂತಾಯಿತು, ಅಪ್ಪನಿಗೇನೂ ಆಗಲಿಲ್ಲ. ಯುದ್ಧ ಮುಗಿದ ಮೇಲೆ ನಾನು ಹುಟ್ಟಿದೆ. ಆ ಗನ್ನಿನವನ ಹೆಸರು ಗೊತ್ತಿಲ್ಲ. ಇದು ಅವನಿಗೆ ನನ್ನ ಅರಿಗಾತೋ, ನನ್ನ ಕೃತಜ್ಞತೆ."

ಕನ್ನಡದಲ್ಲಿ ಹೇಳಿದಾಗ ಅತ್ತೆ ಕತ್ತು ಚಾಚಿ ಆ ಗನ್ನುಗಳನ್ನು ನೋಡಿದರು. ಆಮೇಲೆ, "ಪಾಪ, ಗುರಿ ತಪ್ಪಿದ್ದಕ್ಕೆ ಅವನಿಗೆ ಮೇಲಿನವರು ಚೆನ್ನಾಗಿ ಬೈದಿರ್ತಾರೆ," ಎಂದರು.

ಹಡಗು ಮುಗಿಯುವ ದಿನ ಮೋರಿ ಸಾನ್ ಕೊನೆಯ ಗನ್ನು ಕೂರಿಸಲು ಹೊರಟರು. ಚಿಮಟದಿಂದ ಅದು ಮತ್ತೆ ಮತ್ತೆ ಜಾರಿ ಬಿತ್ತು. ಅವರು ಮೇಜು ಬಿಟ್ಟು ಸರಿದು ನಿಂತು, ವಯಸ್ಸಾಯಿತು, ಇನ್ನು ಈ ಹಡಗುಗಳ ಸಹವಾಸ ಸಾಕು ಎಂದರು. ಅವರ ಮುಖ ನೋಡಲಾಗಲಿಲ್ಲ. ಅತ್ತೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಎದ್ದರು. ಮಲ್ಲಿಗೆ ಕಟ್ಟಿ ಪಳಗಿದ ಬೆರಳು. ಒಂದೇ ಸಲಕ್ಕೆ ಕೂರಿಸಿದರು. ಆದರೆ ಓರೆಯಾಗಿ.

"ಅತ್ತೆ, ಸೊಟ್ಟಗಿದೆ. ಒಣಗೋಕೆ ಮುಂಚೆ ಸರಿ ಮಾಡಿ," ಎಂದು ಪಿಸುಗುಟ್ಟಿದೆ.

"ಸೊಟ್ಟಗೇ ಇರ್ಲಿ ಬಿಡೆ. ನೆಟ್ಟಗಿಟ್ರೆ ಅವರಪ್ಪನಿಗೆ ತಗುಲಲ್ವ?"

ಹೆದರುತ್ತಲೇ ಅನುವಾದಿಸಿದೆ. ಮೋರಿ ಸಾನ್ ಗನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಮಾಸ್ಕು ಗದ್ದಕ್ಕೆ ಜಾರುವಷ್ಟು! ಒಳಗೆ ನನ್ನ ಮೀಟಿಂಗು ಕರೆಯುತ್ತಿತ್ತು, ಹೋಗಲಿಲ್ಲ. ಸ್ವಲ್ಪ ದಿನದಲ್ಲೇ ಇಬ್ಬರೂ ಸೇರಿ ಇನ್ನೊಂದು ಹಡಗು ಶುರುಮಾಡಿದರು.

ಕೊಂಬಿನಿಯಿಂದ ಹೊರಬಂದವಳೇ ಮೈಸೂರಿಗೆ ಫೋನ್ ಮಾಡಿದೆ. "ಅತ್ತೆ, ಸಕುರಾ ಹೂ ಬಿಡೋ ಹೊತ್ತಿಗೆ ಬನ್ನಿ."

"ಬರ್ತೀನಿ. ಈ ಸಲ ನೀನು ಮಧ್ಯೆ ನಿಂತು ಅನುವಾದ ಮಾಡೋದೇನೂ ಬೇಡ. ನಾನೇ ಕಲೀತಿದೀನಿ," ಎಂದವರು ಜಪಾನಿಯಲ್ಲಿ ಒಂದು ವಾಕ್ಯ ಉರುಳಿಸಿದರು.

ಕ್ರಿಯಾಪದ ಎಲ್ಲೋ ಹೋಗಿ ಬಿದ್ದಿತ್ತು. ತಿದ್ದಲು ಬಾಯಿ ತೆರೆದವಳು, "ಸೊಗಸಾಗಿದೆ ಅತ್ತೆ," ಎಂದೆ.