ಗೌಡರಿಗಾಗಿ ಸೇದಿದ ಸಿಗಾರ್

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ, ನಾನು ಮೊದಲ ಬಾರಿಗೆ ಸಿಗಾರ್ ಸೇದಿದೆ. ವ್ಯಾಯಾಮ ಶಿಕ್ಷಕನಾಗಿ ಮೂವತ್ತನಾಲ್ಕು ವರ್ಷ ಮಕ್ಕಳ ಜೇಬಿನಿಂದ ಬೀಡಿ ಹುಡುಕಿ ತೆಗೆದವನು ನಾನು. ಆದ್ದರಿಂದ ಇದನ್ನು ತಪ್ಪೊಪ್ಪಿಗೆ ಎಂದೇ ಓದಿ.

ಸಿಗಾರ್ ನನ್ನದಲ್ಲ, ಮಂಡೆಕೋಲು ಊರಿನ ಗೆಳೆಯ ಕುಶಾಲಪ್ಪ ಗೌಡರದು. ಹಡಗಿನಲ್ಲಿ ಕೆಲಸ ಮಾಡುವ ಅವರ ತಂಗಿಯ ಮಗ ತಂದುಕೊಟ್ಟದ್ದು. ಹೆಬ್ಬೆರಳ ದಪ್ಪ, ಕಾಫಿಪುಡಿಯ ಬಣ್ಣ, ಸುತ್ತ ಚಿನ್ನದ ಬಣ್ಣದ ಪಟ್ಟಿ. ಗೌಡರು ಐವತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವರು. ಕಳೆದ ವರ್ಷ ಕೆನ್ನೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಹೊಗೆಸೊಪ್ಪು ಮುಟ್ಟಿದರೆ ದವಡೆಯನ್ನೇ ತೆಗೆಯಬೇಕಾದೀತು ಎಂದರು ವೈದ್ಯರು. ಗೌಡರು ಬಿಟ್ಟರು. ಆಸೆ ಬಿಡಲಿಲ್ಲ.

“ಮಾಷ್ಟ್ರೇ, ನೀವು ಸೇದಿ. ರುಚಿ ಎಂತ ಅಂತ ಹೇಳಿದ್ರೆ ಸಾಕು. ಸುಳ್ಳು ಹೇಳ್ಲಿಕ್ಕಿಲ್ಲ.”

“ನನಗೆ ಅಭ್ಯಾಸ ಇಲ್ಲ ಮಾರಾಯ್ರೆ.”

“ಅದಕ್ಕೇ ನಿಮಗೆ ಕೊಡುದು. ಅಭ್ಯಾಸ ಇದ್ದವ ಸೇದ್ತಾ ಕೂರ್ತಾನೆ, ನನಗೆ ಹೇಳುದು ಯಾರು?”

ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೆಂದು ಅವರು ಅದನ್ನು ಹೊಗೆಸೊಪ್ಪಿನಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರು. ಸಿಗಾರಿಗೆ ತುಸು ತೇವ ಬೇಕಂತೆ. ಇದು ಒಣಗಿ ಹಪ್ಪಳವಾಗಿತ್ತು. ನಾಲ್ಕು ದಿನ ಹಸಿ ವೀಳ್ಯದೆಲೆಯಲ್ಲಿ ಸುತ್ತಿಟ್ಟು ಮೆತ್ತಗಾಗಿಸಿದವರೂ ಗೌಡರೇ. ಭಾನುವಾರ ಅವರ ಮನೆಯ ಜಗಲಿಯಲ್ಲಿ, ಅಡಕತ್ತರಿಯಲ್ಲಿ ತುದಿ ಕತ್ತರಿಸಿ ನನ್ನ ಕೈಗಿಟ್ಟರು.

ಹೊಗೆ ನುಂಗಬಾರದು, ಬಾಯಲ್ಲಿ ಆಡಿಸಿ ಬಿಡಬೇಕು, ಅದೂ ನಿಮಿಷಕ್ಕೊಂದೇ ಬಾರಿಯಂತೆ. ಈ ಶಿಸ್ತು ನನಗೆ ಹಿಡಿಸಿತು. ಗಡಿಯಾರ ನೋಡುತ್ತಲೇ ಸೇದಿದೆ. ಮೊದಲು ಬಂದದ್ದು ಅಟ್ಟದ ಮಸಿಯ ವಾಸನೆ. ಅದನ್ನೂ ವರದಿ ಮಾಡಿದೆ, ಗೌಡರು ನಕ್ಕರು. ಆಮೇಲೆ ಕಾಳುಮೆಣಸಿನ ಖಾರ, ಹುರಿದ ಕಾಫಿಬೀಜದ ಕಹಿ. ಅರ್ಧ ಮುಗಿಯುವಾಗ ಆ ಕಹಿಯ ಅಡಿಯಿಂದ ಸಿಹಿಯೊಂದು ಎದ್ದಿತು, ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿನ ಪರಿಮಳದಂತೆ. ಎದ್ದದ್ದು ನಾಲಿಗೆ ಬಿಟ್ಟು ಹೋಗಲಿಲ್ಲ.

“ಈಗ ಎಂತ ಉಂಟು?” ಗೌಡರು ಕುರ್ಚಿಯನ್ನು ಹತ್ತಿರ ಎಳೆದರು. ಕಣ್ಣು ನನ್ನ ಬೆರಳುಗಳ ಮೇಲಿತ್ತು. ಬರೀ ಕಹಿ ಎಂದು ಸುಳ್ಳು ಹೇಳಿದರೆ ಅವರು ಆಸೆಯಿಂದ ಪಾರಾದಾರು. ನಿಜ ಹೇಳಿದರೆ ಸಿಗಾರಿಗೆ ಕೈ ಚಾಚಿಯಾರು. ಆದರೆ ಸುಳ್ಳು ಬೇಡವೆಂದು ನನ್ನನ್ನು ನಂಬಿ ಕೇಳಿದವರು ಅವರು.

“ಒಳ್ಳೆದುಂಟು ಗೌಡ್ರೆ,” ಎಂದೆ. “ತುಂಬ ಒಳ್ಳೆದುಂಟು.”

ಗೌಡರ ಕೈ ಎದ್ದಿತು. ಕೆನ್ನೆಯ ಹೊಲಿಗೆಯ ಗುರುತನ್ನು ಮುಟ್ಟಿ ಅಲ್ಲೇ ನಿಂತಿತು. ಆಮೇಲೆ ಅವರು ಕುರ್ಚಿ ಎತ್ತಿಕೊಂಡು, ಹೊಗೆ ತಾಗದ ಜಗಲಿಯ ಆ ತುದಿಗೆ ಹೋಗಿ ಕುಳಿತರು.

“ಸಾಕು ಮಾಷ್ಟ್ರೇ. ಇನ್ನು ಹೇಳ್ಬೇಡಿ.”

ರುಚಿ ಬಲ್ಲವರು ಯಾರೆಂದು ಈಗ ಯಾರಾದರೂ ಕೇಳಿದರೆ ನಾನು ಸೇದಿದವನ ಹೆಸರಲ್ಲ, ಆಸೆಯಿದ್ದೂ ಎದ್ದು ದೂರ ಹೋಗಿ ಕುಳಿತವರ ಹೆಸರು ಹೇಳುತ್ತೇನೆ. ಉಳಿದರ್ಧವನ್ನು ಮಣ್ಣಿಗೆ ಒತ್ತಿ ಆರಿಸಿ, ಬಾಯಿ ತೊಳೆದು, ನಾನೂ ಕುರ್ಚಿ ಎತ್ತಿಕೊಂಡು ಅವರ ಪಕ್ಕಕ್ಕೆ ಹೋದೆ.